ಸುಟ್ಟ ಗುಳ್ಳವ್ವ

ಗುಳ್ಳವ್ವನನ್ನು ಸುಡಬಾರದು. ಇದನ್ನು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕುಂಬಾರರ ಮನೆಯಲ್ಲಿ ಹುಟ್ಟಿದವನು ನಾನು. ಯಾವ ಮಣ್ಣು ಬೆಂಕಿಗೆ, ಯಾವುದು ನೀರಿಗೆ ಅನ್ನುವುದು ಅಕ್ಷರ ಕಲಿಯುವ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಸುಟ್ಟೆ.

ನಮ್ಮ ಸವದತ್ತಿ ಸೀಮೆಯಲ್ಲಿ ಮಣ್ಣೆತ್ತಿನ ಅಮಾವಾಸ್ಯೆ ಮುಗಿದ ಮೇಲಿನ ನಾಲ್ಕು ಮಂಗಳವಾರ ಹೆಣ್ಣುಮಕ್ಕಳವು. ಹುತ್ತದ ಮಣ್ಣಿನಲ್ಲಿ ಗೇಣುದ್ದದ ಗುಳ್ಳವ್ವನನ್ನು ಮಾಡಿ, ಕಣ್ಣಿಗೆ ಎರಡು ಗುಲಗಂಜಿ ಒತ್ತಿ, ಸಿಕ್ಕ ಹೂವನ್ನೆಲ್ಲ ಏರಿಸಿ, ಓಣಿಯ ಗೆಳತಿಯರನ್ನು ಕರೆಯುತ್ತಾರೆ. ಬುತ್ತಿ ಬಿಚ್ಚಿ ಉಂಡು, ಹಾಡಿ, ಕುಣಿದು, ಹೊತ್ತು ಮುಳುಗುವುದರೊಳಗೆ ನೀರಿಗೆ ಕಳಿಸುತ್ತಾರೆ. ಪೂಜಾರಿ ಇಲ್ಲ, ಮಂತ್ರ ಇಲ್ಲ. ದೇವರೂ ಅದೇ, ಆಟಿಕೆಯೂ ಅದೇ. ಹಸಿ ಮಣ್ಣು ನೀರಿನಲ್ಲಿ ಕರಗಿತು ಅಂದರೆ ಗುಳ್ಳವ್ವ ತನ್ನ ಮನೆ ಮುಟ್ಟಿದಳು ಅಂತ ಅರ್ಥ.

ನಾನು ಶ್ರೀಶೈಲ. ಊರು ಹೂಲಿ. ಏಳನೆಯ ತರಗತಿಗೆ ಶಾಲೆ ಬಿಟ್ಟೆ. ಗಡಿಗೆ ಯಾರಿಗೂ ಬೇಡವಾದ ಮೇಲೆ ಗಣಪತಿ ಮಾಡುತ್ತೇನೆ, ಹೂವಿನ ಕುಂಡ ಮಾಡುತ್ತೇನೆ. ನನ್ನ ಕೈಯ ಅಳತೆ ತಪ್ಪುವುದಿಲ್ಲ. ಆದರೆ ನಾನು ಮಾಡಿದ ಮುಖಗಳಲ್ಲಿ ಜೀವ ಇರಲಿಲ್ಲ. ಇದನ್ನು ನಾನು ಹೇಳಬಹುದು, ಬೇರೆಯವರು ಹೇಳಿದರೆ ಸಿಟ್ಟು ಬರುತ್ತದೆ. ನನ್ನ ಮೂರ್ತಿಗಳನ್ನು ಒಯ್ದು ಮಾರುವ ಬೈಲಹೊಂಗಲದ ಅಂಗಡಿಕಾರ ನಿಜಗುಣಪ್ಪ ಒಮ್ಮೆ ಮುಖಕ್ಕೆ ಹೊಡೆದಂತೆ ಹೇಳಿದ.

“ಶ್ರೀಶೈಲಾ, ನಿನ್ನ ಗಣಪ್ಪನ ನೋಡಿದ್ರ ನನಗ ಕಚೇರ್ಯಾಗಿನ ಗುಮಾಸ್ತ ನೆನಪಾಗ್ತಾನ ನೋಡ. ನಾಳೆ ಬಾ ಅಂದಂಗ ಕಾಣಸ್ತಾನ.”

ಅವತ್ತು ಅವನ ಜೊತೆ ಜಗಳವಾಡಿದೆ. ಮಾತು ಮಾತ್ರ ಮನಸ್ಸಿನಲ್ಲಿ ನಾಟಿಕೊಂಡಿತು.

ನಮ್ಮವ್ವ ಸಾವಿತ್ರೆವ್ವನಿಗೆ ಎಪ್ಪತ್ತಮೂರು. ಇದೇ ಊರಲ್ಲಿ ಹುಟ್ಟಿ, ಸೋದರಮಾವನನ್ನೇ ಮದುವೆಯಾಗಿ, ಇದೇ ಓಣಿಯಲ್ಲಿ ಮುದುಕಿಯಾದವಳು. ಎರಡು ವರ್ಷದಿಂದ ಅವಳ ನೆನಪು ಈಚಿನ ತುದಿಯಿಂದ ಬಿಚ್ಚಿಕೊಳ್ಳುತ್ತ ಹೋಯಿತು. ಮೊದಲು ಮೊಮ್ಮಕ್ಕಳು ಹೋದರು, ಆಮೇಲೆ ಸೊಸೆ, ಆಮೇಲೆ ನಾನು. ಈಗ ನಾನು ಅವಳಿಗೆ ಮಗನಲ್ಲ. ನನ್ನ ಮುಖ ಅವಳ ಅಪ್ಪನದೇ ಇದೆ ಅಂತಾರೆ. ಅದಕ್ಕೇ ಇರಬೇಕು, ನನ್ನನ್ನು ‘ಅಪ್ಪಾ’ ಎನ್ನುತ್ತಾಳೆ.

ಈ ವರ್ಷ ಮಣ್ಣೆತ್ತಿನ ಅಮಾವಾಸ್ಯೆ ಆದ ಮೇಲೆ ಒಂದು ಬೆಳಿಗ್ಗೆ ಅವ್ವ ನನ್ನ ಮಣ್ಣಿನ ರಾಶಿಯ ಮುಂದೆ ಕಾಲು ಚಾಚಿ ಕೂತಿದ್ದಳು. ಸೀರೆಯೆಲ್ಲ ಕೆಸರು. ಬೈಯಬೇಕೆಂದು ಬಾಯಿ ತೆರೆದವನು ಹಾಗೇ ನಿಂತೆ. ಅವಳು ನಗುತ್ತಿದ್ದಳು. ಎದುರಿಗೆ ಯಾರೋ ಕೂತಿದ್ದಾರೆ ಅನ್ನುವಂತೆ ತಲೆ ಎತ್ತಿ ನೋಡುವಳು, ನಗುವಳು, ಮತ್ತೆ ಮಣ್ಣಿಗೆ ಬೆರಳು ಹಚ್ಚುವಳು. ಹೊತ್ತು ಏರುವುದರೊಳಗೆ ಗುಳ್ಳವ್ವ ಆಯಿತು.

ಮೂವತ್ತು ವರ್ಷ ಮುಖ ಮಾಡಿದವನು ನಾನು. ಅಂಥ ಮುಖ ನೋಡಿರಲಿಲ್ಲ. ಎಡಗಲ್ಲದಲ್ಲಿ ಕಿರುಬೆರಳ ತುದಿಯಷ್ಟು ಗುಳಿ. ಮುಂದಿನ ಹಲ್ಲು ಒಂದು ಅರ್ಧ ಮುರಿದದ್ದು. ತಲೆ ಸ್ವಲ್ಪ ವಾರೆ. ಬೆನ್ನ ಹಿಂದೆ ಏನನ್ನೋ ಬಚ್ಚಿಟ್ಟುಕೊಂಡು, ಕೇಳಿದರೆ ಕೊಡುವುದಿಲ್ಲ ಎಂದು ನಗುವ ಹುಡುಗಿ.

“ಅವ್ವಾ, ಇದನ್ನ ಹೆಂಗ ಮಾಡಿದಿ?” ಎಂದು ಕೇಳಿದೆ.

“ನಾ ಎಲ್ಲಿ ಮಾಡೇನಪಾ? ಆಕಿ ಬಂದ ಕುಂದರ್ತಾಳ. ನಾ ಸುಮ್ನ ಮಣ್ಣ ಹಚ್ಚತೇನಿ.”

“ಆಕಿ ಅಂದ್ರ ಯಾರ?”

ಅವ್ವ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಗುಳ್ಳವ್ವ ಅಂತಲೇ ತಿಳಿದೆ. ಮುದುಕಿ ಮಗುವಾಗಿದ್ದಾಳೆ, ದೇವರು ಮಗುವಿನ ಜೊತೆ ಆಡಲು ಬಂದಿದೆ, ಇರಲಿ ಅಂದುಕೊಂಡೆ.

ಮೊದಲ ಮಂಗಳವಾರ ನನ್ನ ಹೆಂಡತಿ ರೇಣು ಅವ್ವನನ್ನು ಹಳೆಯ ಗುಡಿಯ ಹಿಂದಿನ ಹೊಂಡಕ್ಕೆ ಕರೆದುಕೊಂಡು ಹೋದಳು. ಓಣಿಯ ಹುಡುಗಿಯರ ನಡುವೆ ಅವ್ವನೂ ಒಬ್ಬಳು ಹುಡುಗಿ. ಹೊಂಡಕ್ಕೆ ಒಂದೇ ಕಡೆ ಮೆಟ್ಟಿಲು, ಉಳಿದ ಮೂರು ಕಡೆ ಪಾಚಿಗಟ್ಟಿದ ಬಂಡೆ. ಬುಗ್ಗೆಯ ನೀರು, ತಳ ಕಾಣುತ್ತದೆ. ನೀರೊಳಗಿನ ಮೊದಲ ಮೆಟ್ಟಿಲ ಮೇಲೆ ಇಟ್ಟ ಗುಳ್ಳವ್ವ ಕಣ್ಣೆದುರಿಗೇ ಕರಗಿತಂತೆ. ಅವ್ವ ಚಪ್ಪಾಳೆ ತಟ್ಟುತ್ತ ಮನೆಗೆ ಬಂದಳು. ಎರಡು ರೊಟ್ಟಿ ಹೆಚ್ಚಿಗೆ ಉಂಡಳು.

ಎರಡನೆಯ ವಾರ ಗಣಪತಿ ನೋಡಲು ಬಂದ ನಿಜಗುಣಪ್ಪನ ಕಣ್ಣಿಗೆ ಅವ್ವನ ಗುಳ್ಳವ್ವ ಬಿತ್ತು. ಚಪ್ಪಲಿ ಕಳೆದು ಕೆಳಗೆ ಕೂತ.

“ಏ, ಇದ ನಿನ್ನ ಕೈಯಂದಲ್ಲ.”

“ನಮ್ಮವ್ವಂದ.”

“ಹಂಗಾದ್ರ ನೀ ಇಷ್ಟ ವರ್ಷ ಏನ ಮಾಡ್ದೆಲೇ ಹುಚ್ಚಪ್ಪಾ? ಕಡೀ ಮಂಗಳಾರಕ್ಕ ಇಂಥಾವ ನೂರ ಕಳಸು. ದಸರಾಕ್ಕ ನಮ್ಮ ಓಣಿ ದೇವಿಗೂ ಇದ ನಗೂ ಮಾರಿ ಬೇಕು.”

ಅವ್ವ ವಾರಕ್ಕೆ ಒಂದಕ್ಕಿಂತ ಹೆಚ್ಚು ಮಾಡುತ್ತಿರಲಿಲ್ಲ. ಮುಂದೆ ಮಣ್ಣು ಇಟ್ಟರೆ ತಳ್ಳುತ್ತಿದ್ದಳು. “ಇವತ್ತ ಆಕಿ ಬಂದಿಲ್ಲ” ಎನ್ನುತ್ತಿದ್ದಳು. ನಾನೇ ಮಾಡಲು ಕೂತೆ. ಗುಳಿ ಬಂತು, ಮುರಿದ ಹಲ್ಲು ಬಂತು, ನಗು ಬರಲಿಲ್ಲ. ಹತ್ತು ಮಾಡಿ ಹತ್ತನ್ನೂ ಗೋಡೆಗೆ ಒಗೆದೆ.

ಆಮೇಲೆ ತಲೆ ಕೆಲಸ ಮಾಡಿತು. ಅಚ್ಚು ತೆಗೆದರಾಯಿತಲ್ಲ! ಹಸಿ ಮೂರ್ತಿಯ ಮೇಲೆ ಅಚ್ಚಿನ ಮಣ್ಣು ಒತ್ತಿದರೆ ಮೂಗು ಕಿತ್ತು ಬರುತ್ತದೆ. ಮೊದಲು ಸುಟ್ಟು ಗಟ್ಟಿ ಮಾಡಬೇಕು. ಮೂರನೆಯ ಮಂಗಳವಾರಕ್ಕೆಂದು ಅವ್ವ ಮಾಡಿ ನೆರಳಿಗಿಟ್ಟಿದ್ದ ಗುಳ್ಳವ್ವನ ಗುಲಗಂಜಿ ಕಿತ್ತು, ಕುಂಡಗಳನ್ನು ಸುಡುವ ಆವಿಗೆಯೊಳಗೆ ಅವುಗಳ ಜೊತೆ ಇಟ್ಟೆ. ರೇಣು ನೋಡಿದಳು.

“ಏನ ಮಾಡಾಕತ್ತೀರಿ? ಗುಳ್ಳವ್ವನ ಸುಡ್ತಾರೇನ್ರಿ ಯಾರರೆ?”

“ನಿಂದೆಷ್ಟ ಐತಿ ನೋಡ್ಕೊ. ಒಂದ ಮಣ್ಣಿನ ಗೊಂಬಿ.”

“ಗೊಂಬಿ ಆಗಿದ್ರ ನೀವ್ಯಾಕ ನನ್ನ ಮಾರಿ ನೋಡವಲ್ರಿ?”

ನಾನು ಅವಳ ಮುಖ ನೋಡಲಿಲ್ಲ.

ಮಂಗಳವಾರ ಬೆಳಿಗ್ಗೆ ಅಚ್ಚು ಸರಿಯಾಗಿ ಬಂತು. ಅಷ್ಟರಲ್ಲಿ ಅವ್ವ ಮನೆಯೆಲ್ಲ ಹುಡುಕುತ್ತಿದ್ದಳು. ಮೂಲೆ ಮೂಲೆಗೂ ಬಗ್ಗಿ, “ಅಡಗಿದ್ದ ಸಾಕ ಬಾರವಾ, ಹೊತ್ತಾತು” ಎಂದು ಕರೆಯುತ್ತಿದ್ದಳು. ಅಚ್ಚು ಕೈಯಲ್ಲಿತ್ತು, ಸುಟ್ಟದ್ದು ನನಗೆ ಬೇಡವಾಗಿತ್ತು. ಅದಕ್ಕೆ ತೆಳ್ಳಗೆ ಹಸಿ ಮಣ್ಣು ಬಳಿದು, ಗುಲಗಂಜಿಯನ್ನು ಅಂಟಿನಿಂದ ಕೂರಿಸಿ ಅವ್ವನ ಕೈಗೆ ಕೊಟ್ಟೆ. ಅವ್ವ ಅದನ್ನು ಎದೆಗೆ ಒತ್ತಿಕೊಂಡು, “ಯಾಕ ಇಷ್ಟ ಬಿಸಿ ಅದಾಳ? ಜ್ವರ ಬಂದಾವೇನ?” ಎಂದಳು. ಆವಿಗೆಯಿಂದ ತೆಗೆದು ಬಹಳ ಹೊತ್ತಾಗಿತ್ತು. ಬಿಸಿ ಇರಲು ಕಾರಣವಿರಲಿಲ್ಲ.

ಆ ಸಂಜೆ ಓಣಿಯ ಹುಡುಗಿಯರ ಜೊತೆ ಹೊಂಡಕ್ಕೆ ಹೋದ ಅವ್ವ ಹೊತ್ತು ಮುಳುಗಿದರೂ ಬರಲಿಲ್ಲ. ನಾನೇ ಹೋದೆ. ಹುಡುಗಿಯರೆಲ್ಲ ಮನೆಗೆ ಹೋಗಿದ್ದರು. ಅವ್ವ ನೀರಿನ ಮೇಲಿನ ಕೊನೆಯ ಮೆಟ್ಟಿಲ ಮೇಲೆ ಕುಕ್ಕರುಗಾಲಲ್ಲಿ ಕೂತು ನೀರು ನೋಡುತ್ತಿದ್ದಳು. ಬಳಿದ ಮಣ್ಣು ಕರಗಿ ಹೋಗಿತ್ತು. ಒಳಗಿನ ಕೆಂಪು ಗುಳ್ಳವ್ವ ನೀರಿನೊಳಗೆ ನಿಂತಿತ್ತು. ನಿಂತು ನಗುತ್ತಿತ್ತು.

“ಹೋಗವಲ್ಲಳಪಾ,” ಎಂದಳು ಅವ್ವ. “ನನ್ನ ನೋಡಾಕತ್ತಾಳ.”

“ಏಳ, ಮನಿಗೆ ಹೋಗೂಣು.”

“ಆಕಿ ಹ್ವಾದಮ್ಯಾಲೆ ಬರತೇನಿ.”

ಆ ಮಾತು ಅವತ್ತಿಗೆ ಮುಗಿಯಲಿಲ್ಲ. ಬುಧವಾರ, ಗುರುವಾರ, ಬೆಳಗಾದರೆ ಅವ್ವ ಹೊಂಡದ ದಾರಿ ಹಿಡಿಯುತ್ತಿದ್ದಳು. ಅನ್ನ ಬಿಟ್ಟಳು. ರೊಟ್ಟಿ ಮುಂದಿಟ್ಟರೆ ಅರ್ಧ ಮುರಿದು ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ ನೀರಿಗೆ ಹಾಕುವಳು. ಗುರುವಾರ ಒಂದು ಮೆಟ್ಟಿಲು ಕೆಳಗೆ, ನೀರೊಳಗೆ ಕೂತಿದ್ದಳು. ಹೀಗೇ ಬಿಟ್ಟರೆ ದಿನಕ್ಕೊಂದು ಮೆಟ್ಟಿಲು ಇಳಿಯುತ್ತಾಳೆ ಅನ್ನುವುದು ನನಗೂ ರೇಣುಗೂ ಗೊತ್ತಾಯಿತು.

ನಾನು ಸಿಟ್ಟಿನವನು. ಹೆದರಿಕೆಯಾದರೆ ನನಗೆ ಸಿಟ್ಟೇ ಬರುವುದು. ರಟ್ಟೆ ಹಿಡಿದು ಎಳೆದುಕೊಂಡು ಬಂದೆ. ದಾರಿಯಲ್ಲಿ ಕೈ ಎತ್ತಿದೆ, ಹೊಡೆಯಲಿಲ್ಲ, ಎತ್ತಿದೆ. ಅವ್ವ ಎರಡೂ ಕೈಯಿಂದ ತಲೆ ಮುಚ್ಚಿಕೊಂಡು ನಡುದಾರಿಯಲ್ಲಿ ಕೂತುಬಿಟ್ಟಳು.

“ಬಡೀಬ್ಯಾಡಪಾ! ನಾ ಒದರಿಲ್ಲ, ನಾ ಯಾರ ಮುಂದೂ ಒದರಿಲ್ಲ!”

ಏನು ಒದರಲಿಲ್ಲ, ಯಾಕೆ ಒದರಬಾರದು, ಯಾರು ಬಡಿಯುತ್ತಿದ್ದರು, ನನಗೆ ಒಂದೂ ತಿಳಿಯಲಿಲ್ಲ. ಕೈ ಇಳಿಸಿದೆ. ಆ ಕೈ ಇವತ್ತಿಗೂ ಭಾರ.

ಅಷ್ಟರಲ್ಲಿ ಚಪ್ಪರದ ಕೆಳಗೆ ಅಚ್ಚಿನ ಗುಳ್ಳವ್ವಗಳು ಸಾಲು ಹಿಡಿದಿದ್ದವು. ನಲವತ್ತು ಆಗಿದ್ದವು. ಅಚ್ಚಿನಿಂದ ತೆಗೆದಾಗ ಚೆಂದ ಇರುತ್ತಿದ್ದವು. ಸಾಲಿಗೆ ಇಟ್ಟ ಮೇಲೆ ಬೇರೆ. ನಲವತ್ತು ತಲೆ ಒಂದೇ ಕಡೆ ವಾರೆ, ನಲವತ್ತು ಗುಳಿ, ನಲವತ್ತು ಮುರಿದ ಹಲ್ಲು. ಎಲ್ಲವೂ ನನ್ನ ಭುಜದ ಮೇಲಿಂದ ಹಿಂದೆ ಇರುವ ಯಾರನ್ನೋ ನೋಡಿ ನಗುತ್ತಿದ್ದವು. ಹಗಲು ಹನ್ನೆರಡು ಗಂಟೆಗೆ ನಾನು ಹಿಂದಿರುಗಿ ಹಿಂದಿರುಗಿ ನೋಡುತ್ತಿದ್ದೆ. ಆಮೇಲೆ ಬೆನ್ನು ಗೋಡೆಗೆ ಹಚ್ಚಿ ಕೂತು ಕೆಲಸ ಮಾಡಿದೆ.

ಶುಕ್ರವಾರ ಭೀಮಶಿ ಕಾಕಾ ಬಂದರು. ಕೆಳಗಿನ ಓಣಿಯವರು, ಸಾರಿಗೆ ಬಸ್ಸು ಓಡಿಸಿ ನಿವೃತ್ತರಾದವರು. ಅವರ ಮನೆಯಲ್ಲಿ ಬುದ್ಧನ ಚಿತ್ರವಿದೆ, ಬೇರೆ ದೇವರಿಲ್ಲ. ಗುಬ್ಬಿಗೆ ನೀರಿಡಲು ಅಗಲ ಬಾಯಿಯ ಮಣ್ಣಿನ ತಾಟು ಬೇಕಾಗಿತ್ತು. ಕೊಟ್ಟೆ. ತಾಟು ಹಿಡಿದುಕೊಂಡು ತಿರುಗಿದವರು ಚಪ್ಪರದ ಕಡೆ ನೋಡಿದರು. ತಾಟು ಕೈಯಿಂದ ಜಾರಿ ಒಡೆಯಿತು.

“ಶ್ರೀಶೈಲಾ,” ಎಂದರು. “ನಮ್ಮಕ್ಕನ್ನ ಯಾಕ ಇಷ್ಟ ಮಂದಿ ಮಾಡಿ ಕುಂದರಿಸಿಯೋ?”

“ಕಾಕಾ, ಅವು ಗುಳ್ಳವ್ವ.”

“ನನಗ ಹೇಳ್ತೀಯೇನ? ಈ ಗಲ್ಲದ ಗುಳಿ ನನ್ನ ಮೊಮ್ಮಗಳು ಸ್ನೇಹಲ್‌ಗೂ ಐತಿ. ಈ ಹಲ್ಲ ನನ್ನಿಂದನ ಮುರದದ್ದು, ನಾ ಕಲ್ಲ ಒಗದಿದ್ದೆ. ನಮ್ಮಕ್ಕ ಕಾಡವ್ವ.”

ಅಲ್ಲೇ ಕಟ್ಟೆಯ ಮೇಲೆ ಕೂತರು. ನೀರು ಕೊಟ್ಟೆ, ಕುಡಿಯಲಿಲ್ಲ, ಹಿಡಿದುಕೊಂಡೇ ಹೇಳಿದರು. ಅರವತ್ತು ವರ್ಷದ ಮೇಲಿನ ಮಾತು. ಅವರಿಗೆ ಐದು ವರ್ಷ, ಅಕ್ಕನಿಗೆ ಒಂಬತ್ತು. ಆಗ ಹೊಂಡದ ಮೆಟ್ಟಿಲಿಗೆ ಅವರ ಓಣಿಯವರು ಕಾಲಿಡುವಂತಿರಲಿಲ್ಲ. ಗುಳ್ಳವ್ವನ ಮಂಗಳವಾರ ಕಾಡವ್ವ ತಾನು ಮಾಡಿದ ಗುಳ್ಳವ್ವನನ್ನು ಕಳಿಸಲು ಹೋದವಳು ಆಚೆಯ ಬಂಡೆಯ ಕಡೆಯಿಂದ ಇಳಿದಿದ್ದಳು. ಪಾಚಿಯ ಮೇಲೆ ಕಾಲು ಜಾರಿತು.

“ಗುಳ್ಳವ್ವ ಬಂಡೆಗಲ್ಲ ಮ್ಯಾಲ ಕುಂತಿತ್ತಂತ, ಹೂವ ಮುಡಕೊಂಡು. ನಮ್ಮಕ್ಕ ಇರಲಿಲ್ಲ. ಆಕಿ ಒಬ್ಬಾಕಿನ ಹೋಗಾಕಿ ಅಲ್ಲ, ಕೂಡ ಯಾರೋ ಇದ್ರು ಅಂತ ನಮ್ಮವ್ವ ಸಾಯೂತನಾ ಅಂತಿದ್ಲು. ಯಾರಂತ ಗೊತ್ತಾಗಲಿಲ್ಲ. ಒಂದ ಫೋಟೋ ಸೈತ ಇಲ್ಲ ನಮ್ಮ ಮನ್ಯಾಗ.”

ಬಾಗಿಲಲ್ಲಿ ಅವ್ವ ನಿಂತಿದ್ದಳು. ಯಾವಾಗ ಬಂದಳೋ ತಿಳಿಯದು. ಎರಡು ವರ್ಷದಿಂದ ಒಬ್ಬರ ಗುರುತೂ ಹಿಡಿಯದವಳು ಭೀಮಶಿ ಕಾಕಾನನ್ನು ನೋಡಿ ತಟಕ್ಕನೆ ಗುರುತು ಹಿಡಿದಳು.

“ಭೀಮ್ಯಾ, ನಿಮ್ಮಕ್ಕಗ ಹೇಳೋ. ಮೆಟ್ಟಲದ ಕಡೆ ಬಾ ಅನ್ನು. ನಾ ಯಾರಿಗೂ ಹೇಳೂದಿಲ್ಲ.”

ಕಾಕಾ ಅವಳ ಕಡೆ ತಿರುಗಿ ಕೂತರು.

“ನಾ ಮೆಟ್ಟಲದ ಮ್ಯಾಲ ಇದ್ನೋ,” ಅವ್ವ ಹೇಳಿದಳು, ಸಣ್ಣ ಹುಡುಗಿಯ ದನಿಯಲ್ಲಿ, ತಪ್ಪು ಒಪ್ಪಿಕೊಳ್ಳುವಾಗಿನ ದನಿಯಲ್ಲಿ. “ಆಕಿ ಆ ಕಡೆ. ಇಬ್ಬರೂ ಕೂಡೇ ಬಿಡೂಣು ಅಂದಿದ್ವಿ. ಆಕಿ ಜಾರಿದ್ಲು. ಎರಡ ಸಲ ಕೈ ಮ್ಯಾಲ ಬಂತು. ನಾ ಒದರಲಿಲ್ಲ. ಒದರಿದ್ರ ಮಂದಿ ಬರ್ತಿದ್ರು, ಆಕಿ ಕೂಡ ಆಡೂದು ಗೊತ್ತಾಗಿ ಅಪ್ಪ ಬಡೀತಿದ್ದ. ಬಾಯಿ ಹಿಂಗ ಮುಚಗೊಂಡಿದ್ನೋ.”

ಸೆರಗನ್ನು ಬಾಯಿಗೆ ಒತ್ತಿಕೊಂಡು ತೋರಿಸಿದಳು. ಅದೇ ಸೆರಗು, ಅದೇ ರೀತಿ. ಇಷ್ಟು ದಿನ ನಾನು ಅದನ್ನು ನಗು ಎಂದು ತಿಳಿದಿದ್ದೆ.

ಭೀಮಶಿ ಕಾಕಾ ಲೋಟ ಕೆಳಗಿಟ್ಟರು. ಎದ್ದು ಹೋದರು. ಬೈದಿದ್ದರೆ, ಹೊಡೆದಿದ್ದರೆ ನನಗೆ ಉತ್ತರ ಕೊಡಲು ಬರುತ್ತಿತ್ತು.

ಶನಿವಾರ ನಾನು ಹೊಂಡಕ್ಕೆ ಇಳಿದೆ. ಮೊಣಕಾಲವರೆಗೆ ನೀರು. ಕೆಂಪು ಗುಳ್ಳವ್ವನನ್ನು ಎತ್ತಿಕೊಂಡು ಬಂದು ಒರಳಿಗೆ ಹಾಕಿ ಕುಟ್ಟಿದೆ. ಮೊದಲ ಪೆಟ್ಟಿಗೆ ಮುಖ ಒಡೆಯಲಿಲ್ಲ. ಎರಡನೆಯದಕ್ಕೂ ಇಲ್ಲ. ಆಮೇಲೆ ಕಣ್ಣು ಮುಚ್ಚಿಕೊಂಡು ಕುಟ್ಟಿದೆ. ಗಟ್ಟಿಯಾಗಲೆಂದು ಹಳೆಯ ಗಡಿಗೆಯ ಪುಡಿಯನ್ನು ಹೊಸ ಮಣ್ಣಿಗೆ ಸೇರಿಸುವುದು ನಮ್ಮ ಕಸುಬಿನ ಪದ್ಧತಿ. ಹಾಗೇ ಆ ಕೆಂಪು ಪುಡಿಯನ್ನು ಹುತ್ತದ ಮಣ್ಣಿಗೆ ಸೇರಿಸಿ, ಹದ ಮಾಡಿ, ಅವ್ವನ ಮುಂದೆ ಇಟ್ಟೆ. ಅಚ್ಚನ್ನು ಒಡೆದೆ. ಚಪ್ಪರದ ನಲವತ್ತನ್ನೂ ನೀರು ಹಾಕಿ ಮತ್ತೆ ಮಣ್ಣು ಮಾಡಿದೆ. ಒಂದನ್ನು ಮಾತ್ರ ಬಿಟ್ಟೆ. ಯಾಕೆ ಬಿಟ್ಟೆ ಅಂತ ಆಗ ಗೊತ್ತಿರಲಿಲ್ಲ.

ನಿಜಗುಣಪ್ಪ ಫೋನ್ ಮಾಡಿದ. “ಮಾಲ ಎಲ್ಲಿ?”

“ಇಲ್ಲ.”

“ಯಾಕ? ಗುಳ್ಳವ್ವ ಓಡಿ ಹ್ವಾದ್ಲೇನ?”

“ಇನ್ನ ಹೋಗಿಲ್ಲ, ಅದ ತ್ರಾಸ ಆಗೇತಿ,” ಎಂದು ಫೋನ್ ಇಟ್ಟೆ.

ಅವ್ವ ಎರಡು ದಿನ ಮಣ್ಣು ಮುಟ್ಟಲಿಲ್ಲ. ಸೋಮವಾರ ಬೆಳಿಗ್ಗೆ ಮುಟ್ಟಿದಳು. ಈ ಸಲ ತಲೆ ಎತ್ತಿ ಎದುರಿಗೆ ನೋಡಲಿಲ್ಲ. ತನ್ನ ಮುಖವನ್ನೇ ಕೈಯಿಂದ ತಡವಿಕೊಳ್ಳುವಳು, ಮಣ್ಣನ್ನು ತಡವುವಳು. ಮುಗಿದ ಮೇಲೆ ನೋಡಿದೆ. ಗುಳಿ ಇಲ್ಲ. ಮುರಿದ ಹಲ್ಲಿಲ್ಲ. ಬೇರೆ ಹುಡುಗಿ, ದುಂಡು ಮುಖ, ನಮ್ಮ ಮನೆಯ ಮೂಗು. ಬಾಯಿ ಮಾತ್ರ ಹೆಬ್ಬೆರಳು ಹೋಗುವಷ್ಟು ತೆರೆದಿತ್ತು. ಗಂಟಲವರೆಗೆ ಕಾಣುವಂತೆ ತೆರೆದಿತ್ತು.

ಕೆಳಗಿನ ಓಣಿಗೆ ಹೋಗಿ ಭೀಮಶಿ ಕಾಕಾನ ಬಾಗಿಲಲ್ಲಿ ನಿಂತು ಹೇಳಿದೆ: ನಾಳೆ ಕೊನೆಯ ಮಂಗಳವಾರ, ನಾಲ್ಕು ಗಂಟೆಗೆ. ಬರಲೇಬೇಕು ಅನ್ನಲು ನನಗೆ ಅಧಿಕಾರವಿರಲಿಲ್ಲ. ಅವರು ಒಳಗಿಂದಲೇ, “ನಾ ದೇವರ ಗೀವರ ಮಾಡೂದಿಲ್ಲ, ಗೊತ್ತಿಲ್ಲೇನ ನಿನಗ?” ಎಂದರು.

ಮಂಗಳವಾರ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು.

“ನಾ ಗುಳ್ಳವ್ವಗ ಬಂದಿಲ್ಲ, ತಿಳೀತಿಲ್ಲ? ನಮ್ಮಕ್ಕನ ಕಳಸಾಕ ಬಂದೇನಿ. ನಿಮ್ಮವ್ವಗ ಮಾಫಿ ಮಾಡೇನಿ ಅಂತನೂ ತಿಳ್ಕೋಬ್ಯಾಡ.”

“ತಿಳಕೊಂಡಿಲ್ಲ ಕಾಕಾ.”

ಅವ್ವ ಅವರ ಕೈ ಹಿಡಿದುಕೊಂಡಳು. ಕಾಕಾ ಕೈ ಬಿಡಿಸಿಕೊಳ್ಳಲಿಲ್ಲ, ಹಿಡಿಯಲೂ ಇಲ್ಲ. ಇಬ್ಬರೂ ಮೆಟ್ಟಿಲು ಇಳಿದರು. ಕಾಕಾ ಒಂದೊಂದು ಮೆಟ್ಟಿಲಿಗೂ ನಿಂತು ನಿಂತು ಇಳಿದರು. ಈಗ ಯಾರೂ ಯಾರನ್ನೂ ತಡೆಯುವುದಿಲ್ಲ, ಹುಡುಗರು ಅಲ್ಲೇ ಈಜು ಕಲಿಯುತ್ತಾರೆ. ಆದರೂ ಅವರು ಆವತ್ತೇ ಮೊದಲ ಸಲ ಇಳಿಯುತ್ತಿರುವುದು ಅಂತ ಅವರ ಕಾಲು ನೋಡಿದರೆ ತಿಳಿಯುತ್ತಿತ್ತು.

ಗುಳ್ಳವ್ವನನ್ನು ನೀರಿಗೆ ಇಟ್ಟವರು ಕಾಕಾನೇ. ಮೊದಲು ಭುಜ ಇಳಿಯಿತು. ಹೂವು ತೇಲಿ ಹೋದವು. ಗುಲಗಂಜಿ ಒಂದೊಂದಾಗಿ ಬಿದ್ದವು. ಮುಖ ಸವೆದು ಸವೆದು ಕೊನೆಗೆ ತೆರೆದ ಬಾಯಿ ಒಂದೇ ಉಳಿಯಿತು. ಆಗ ಅವ್ವ ಎದ್ದು ನಿಂತು ಆಚೆಯ ಬಂಡೆಯ ಕಡೆ ಮುಖ ಮಾಡಿ ಒದರಿದಳು.

“ಯವ್ವಾ! ಬರ್ರೋ! ಕಾಡಿ ಮುಳಗಾಕತ್ತಾಳ! ಯಾರರೆ ಬರ್ರೋ!”

ಎಪ್ಪತ್ತಮೂರು ವರ್ಷದ ಎದೆಯಲ್ಲಿ ಅಷ್ಟು ದನಿ ಎಲ್ಲಿತ್ತೋ. ಗುಡಿಯ ಮೇಲಿನ ಪಾರಿವಾಳಗಳೆಲ್ಲ ಎದ್ದವು. ಆಚೆಯ ಬಂಡೆಗೆ ಬಡಿದು ಅದೇ ಕೂಗು ತಿರುಗಿ ಬಂತು. ಹೊಲದಲ್ಲಿದ್ದ ನಾಲ್ಕು ಮಂದಿ ನಿಜವಾಗಿಯೂ ಓಡಿ ಬಂದರು. ಅರವತ್ತು ವರ್ಷದ ಹಿಂದೆ ಒದರಿದ್ದರೂ ಹೀಗೇ ಓಡಿ ಬರುತ್ತಿದ್ದರು.

“ಹ್ವಾದ್ಲೇನೋ ಭೀಮ್ಯಾ?” ಅವ್ವ ಕೇಳಿದಳು.

ಕಾಕಾ ಬಗ್ಗಿ ನೀರು ನೋಡಿದರು. ತಳದಲ್ಲಿ ಒಂದಿಷ್ಟು ಕೆಂಪು ಪುಡಿ, ಎರಡು ಗುಲಗಂಜಿ. ಪುಡಿ ಕರಗುವುದಿಲ್ಲ. ಸುಟ್ಟದ್ದು ಸುಟ್ಟದ್ದೇ.

“ಹ್ವಾದ್ಲು,” ಎಂದರು.

ಅವ್ವ ಅವತ್ತು ಉಂಡಳು. ಆಮೇಲೆ ಹೊಂಡದ ದಾರಿ ಹಿಡಿಯಲಿಲ್ಲ. ಮಣ್ಣನ್ನೂ ಮುಟ್ಟಲಿಲ್ಲ. ಈಗ ನಗುವುದೂ ಇಲ್ಲ.

ವಾರ ಬಿಟ್ಟು ಕಾಕಾ ಬಂದು ಚಪ್ಪರದಲ್ಲಿ ಉಳಿದಿದ್ದ ಒಂದನ್ನು ತೋರಿಸಿದರು. “ಇದನ್ನ ಸುಟ್ಟ ಕೊಡ.”

“ಕಾಕಾ, ಗುಳ್ಳವ್ವನ ಸುಡಬಾರದು.”

“ಇದ ಗುಳ್ಳವ್ವ ಅಲ್ಲೋ ಮಾರಾಯಾ. ನಮ್ಮಕ್ಕ. ಇನ್ನೊಮ್ಮೆ ನೀರಾಗ ಹೋಗೂದ ಬ್ಯಾಡ ಆಕಿ.”

ಸುಟ್ಟು ಕೊಟ್ಟೆ. ಅವರ ಮನೆಯಲ್ಲಿ ಬುದ್ಧನ ಚಿತ್ರದ ಕೆಳಗೆ ಇದೆ. ಸ್ನೇಹಲ್ ಅದಕ್ಕೆ ತನ್ನ ರಿಬ್ಬನ್ ಕಟ್ಟಿದ್ದಾಳಂತೆ.

ಗಣಪತಿ ಹಬ್ಬ ಹತ್ತಿರ ಬಂದಿದೆ. ನಾನು ಮುಖ ಮಾಡುತ್ತಿದ್ದೇನೆ. ಬೆಳಿಗ್ಗೆ ಬಾಯಿ ಮುಚ್ಚಿ, ಸೊಂಡಿಲು ಇಳಿಸಿ, ನುಣುಪು ಮಾಡಿ ಒಣಗಲು ಇಡುತ್ತೇನೆ. ಮಧ್ಯಾಹ್ನ ನೋಡಿದರೆ ಒಂದಲ್ಲ ಒಂದರಲ್ಲಿ ಬಿರುಕು, ಅದೇ ಬಾಯಿಯ ಜಾಗದಲ್ಲಿ. ಮಣ್ಣಿನ ಹದ ತಪ್ಪಿರಬೇಕು ಎಂದು ರೇಣು ಹೇಳುತ್ತಾಳೆ. ಹದ ತಪ್ಪಿಲ್ಲ. ನೀರು ಹಚ್ಚಿ ಹೆಬ್ಬೆರಳಿನಿಂದ ಒತ್ತಿ ಮುಚ್ಚುತ್ತೇನೆ. ಸಂಜೆಗೆ ಮತ್ತೆ ತೆರೆದಿರುತ್ತದೆ.